ಉಪ್ಪಿನ ಮಾಚಣ್ಣನಿಗೆ ಸಿಕ್ಕ ಆನೆಲಾಯ

"ಕೇಳಿರಪ್ಪೋ ಕೇಳಿ! ರಾಜಕುಮಾರಿ ಚಿತ್ರಾಂಬೆಯವರ ಮೂರು ಒಗಟು ಬಿಡಿಸಿದವರಿಗೆ ಕೇಳಿದ್ದು ಕೊಡಲಾಗುವುದು. ರಾಜಕುಮಾರಿಯ ಕೈ ಕೇಳಿದರೆ ಅದೂ ಸರಿ. ತಪ್ಪಿದವರ ತಲೆ ಅಮಾವಾಸ್ಯೆಗೆ ಹಾರುವುದು!"

ಡಂಗುರದ ಸದ್ದಿಗೆ ಪಕ್ಕದ ರಾಜ್ಯದ ಕೋಳಿಗಳು ಗಾಬರಿಯಾಗಿ ಅವತ್ತಿನ ಮೊಟ್ಟೆಯನ್ನು ಮಾರನೆಯ ದಿನಕ್ಕೆ ಮುಂದೂಡಿದವು. ಉಪ್ಪಿನ ಮಾಚಣ್ಣನ ಮನೆಯೊಳಗೆ ಮಾತ್ರ ಸದ್ದು ನುಗ್ಗಲಿಲ್ಲ, ಏಕೆಂದರೆ ನುಗ್ಗಲು ಜಾಗವಿರಲಿಲ್ಲ. ಸೂರಿನವರೆಗೂ ಓಲೆಗರಿಯ ಪುಸ್ತಕಗಳು.

ಎತ್ತಿನ ಮೇಲೆ ಉಪ್ಪು ಹೇರಿಕೊಂಡು ಊರೂರು ತಿರುಗುವ ಮಾಚಣ್ಣ, ಯಾರಾದರೂ ಹಳೆಯ ಓಲೆಕಟ್ಟನ್ನು ಒಲೆಗೆ ಹಾಕಲು ಹೊರಟರೆ ಉಪ್ಪು ಅಳೆದು ಕೊಟ್ಟು ಅದನ್ನು ಬಿಡಿಸಿಕೊಂಡು ಬರುತ್ತಿದ್ದ. ಮೀಸೆ ಮೂಡುವ ಮೊದಲು ಶುರುವಾದ ಚಟ, ಮೀಸೆ ನರೆತರೂ ನಿಂತಿರಲಿಲ್ಲ.

"ನಿನ್ನೆ ಹುಣಸೆಹಣ್ಣಿನ ಗಡಿಗೆಗೆ ಕೈ ಹಾಕಿದರೆ ಜ್ಯೋತಿಷ್ಯ ಸಿಕ್ಕಿತು," ಎಂದಳು ಆಗಷ್ಟೇ ಹೊರಗಿನಿಂದ ಬಂದ ಹೆಂಡತಿ ಸಾಕವ್ವ. "ಅಮಾವಾಸ್ಯೆಯೊಳಗೆ ಇವಕ್ಕೆ ಬೇರೆ ಮನೆ ನೋಡದಿದ್ದರೆ ನಾನೇ ಒಲೆಗೆ ಹಾಕ್ತೀನಿ!"

"ಎಲ್ಲರೂ ಬಂದು ಪುಕ್ಕಟೆ ಓದೋ ಹಾಗೆ ಒಂದು ಜಾಗ ಮಾಡ್ತೀನಿ ಕಣೆ."

"ಎಲ್ಲಿ? ನನ್ನ ತಲೆ ಮೇಲಾ? ಹೊರಗೆ ಡಂಗುರ ಹೊಡೀತಿದ್ದಾರೆ, ಕೇಳಿದ್ದು ಕೊಡ್ತಾರಂತೆ. ಹೋಗಿ ಕೇಳಿ!"

ಅರಮನೆಯ ಹಳೆಯ ಆನೆಲಾಯ ಖಾಲಿ ಬಿದ್ದಿದ್ದು ಊರಿಗೇ ಗೊತ್ತಿತ್ತು. ಮಾಚಣ್ಣ ಪಂಚೆ ಕೊಡವಿ ಹೊರಟ.

ಆಸ್ಥಾನದಲ್ಲಿ ಉದ್ದ ಸಾಲು. ಚಿತ್ರಾಂಬೆ ಮೊದಲ ಒಗಟು ಹೇಳಿದಳು: "ಎರಡು ಹಲಗೆಯ ನಡುವೆ ಮಲಗಿರುತ್ತದೆ, ಹೊಟ್ಟೆಯಲ್ಲಿ ತೂರಿದ ದಾರ. ಸತ್ತವರ ಮಾತನ್ನು ಹುಟ್ಟದವರಿಗೆ ಮುಟ್ಟಿಸುತ್ತದೆ. ಏನದು?"

"ತೊಟ್ಟಿಲು!" ಎಂದ ನೆರೆರಾಜ್ಯದ ರಾಜಕುಮಾರ. ಭಟರು ಅವನನ್ನು ಸೆರೆಮನೆಗೆ ಎಳೆದೊಯ್ದರು.

ಮಾಚಣ್ಣನಿಗೆ ಮೈಯೆಲ್ಲ ಉರಿಯಿತು; ಹಲ್ಲು ಕಡಿದು ಏನೋ ಗೊಣಗಿದ. ಅದು ಮುಂದಿದ್ದ ದಳವಾಯಿಯ ಕಿವಿಗೆ ಬಿತ್ತು. ಅವನು ಅದನ್ನೇ ಗಟ್ಟಿಯಾಗಿ ಹೇಳಿ ಎರಡನೆಯ ಒಗಟಿಗೆ ದಾಟಿದ.

"ಹೋಗುವಾಗ ನಾಳೆಯೇ ಬರುವೆನೆಂದು ಹೋಗುತ್ತದೆ, ಬರುವ ದಾರಿ ಮರೆಯುತ್ತದೆ. ಕಳಿಸಿದವನು ಕೇಳಲು ನಾಚುತ್ತಾನೆ, ಇಟ್ಟುಕೊಂಡವನು ನಾಚುವುದಿಲ್ಲ. ಬಂದರೂ ಮೈಮೇಲೆ ಎಣ್ಣೆಕಲೆ."

"ತವರಿಗೆ ಹೋದ ಹೆಂಡತಿ!" ಎಂದ ದಳವಾಯಿ, ಸ್ವಂತ ಅನುಭವದಿಂದ. ಅವನೂ ಒಳಗೆ.

"ಅಯ್ಯೋ ನಿನ್ನ!" ಎಂದು ಮಾಚಣ್ಣ ಮತ್ತೆ ಉತ್ತರ ಗೊಣಗಿದ. ಈ ಸಲ ಅದನ್ನು ಹೆಕ್ಕಿಕೊಂಡವನು ಆಸ್ಥಾನಪಂಡಿತ. ಎರಡೂ ಉತ್ತರ ಒಪ್ಪಿಸಿ ಮೂರನೆಯದಕ್ಕೆ ಎದೆಯುಬ್ಬಿಸಿ ನಿಂತ.

"ದಿನವೂ ಹೂವು, ದಿನವೂ ದೀಪ. ಬಂದವರೆಲ್ಲ ಅಡ್ಡಬೀಳುತ್ತಾರೆ. ಆದರೆ ತಾತನ ಕಾಲದಿಂದ ಕಟ್ಟು ಬಿಚ್ಚಿಲ್ಲ, ಹೊರಗೆ ಬಿಟ್ಟಿಲ್ಲ. ಯಾರು?"

"ದೇವರು!"

"ದೇವರು ವರ್ಷಕ್ಕೊಮ್ಮೆಯಾದರೂ ಉತ್ಸವಕ್ಕೆ ಹೊರಡುತ್ತಾನೆ, ಪಂಡಿತರೆ."

ಪಂಡಿತನೂ ಒಳಗೆ. ಮಾಚಣ್ಣ ತಲೆ ಚಚ್ಚಿಕೊಂಡ.

"ಹಿಂದೆ ಗೊಣಗುವವರು ಮುಂದೆ ಬರಲಿ," ಎಂದಳು ಚಿತ್ರಾಂಬೆ. "ಈವರೆಗಿನ ಸರಿಯುತ್ತರವೆಲ್ಲ ಹಿಂದಿನಿಂದಲೇ ಬಂದಿದೆ."

"ತಲೆ ಹೋದರೂ ಸರಿ ಅಮ್ಮಣ್ಣಿ, ಇನ್ನು ಕೇಳಲಾರೆ!" ಮಾಚಣ್ಣ ಸಿಡಿದ. "ಹಲಗೆಯ ನಡುವೆ ಮಲಗೋದು ಓಲೆಗರಿಯ ಪುಸ್ತಕ. ನನ್ನ ಮನೇಲಿ ನಮಗೇ ಮಲಗೋಕೆ ಜಾಗವಿಲ್ಲದ ಹಾಗೆ ಮಲಗಿದೆ. ನಾಳೆ ಬರ್ತೀನಿ ಅಂತ ಹೋಗೋದು ಎರವಲು ಕೊಟ್ಟ ಪುಸ್ತಕ. ಬೀದಿಗೊಂದು ಕೊಟ್ಟಿದ್ದೀನಿ, ಬಂದ ಒಂದರ ಮೇಲೆ ಒಗ್ಗರಣೆ ಎಣ್ಣೆ! ಮೂರನೆಯದು ಪೂಜೆಗಿಟ್ಟ ಪುಸ್ತಕ. ನವರಾತ್ರಿಗೆ ಸರಸ್ವತಿ ಮುಂದೆ ಇಡ್ತಾರೆ, ಆಮೇಲೆ ತೆಗೆಯೋಕೆ ಭಯ. ಎಷ್ಟು ಮನೆಯಲ್ಲಿ ನೋಡಿದ್ದೀನಿ, ಒಳಗೇನಿದೆ ಅಂದರೆ ಕುಂಕುಮ ಅಂತಾರೆ!"

ರಾಜನ ಮುಖ ಇಳಿಯಿತು. ಚಿತ್ರಾಂಬೆ ತಂದೆಯತ್ತ ತಿರುಗಿದಳು. "ಮೂರೂ ಸರಿ. ತಾತನ ಕಾಲದಲ್ಲಿ ಪುಸ್ತಕ ತೆಗೆಯುವ ಮುಹೂರ್ತ ಹೇಳದೆಯೇ ಪುರೋಹಿತರು ತೀರಿಕೊಂಡರು. ಅಂದಿನಿಂದ ಅರಮನೆಯ ಪುಸ್ತಕವೆಲ್ಲ ಪೂಜೆಮನೆಯಲ್ಲೇ. ನನಗೆ ಓದಲು ಒಂದು ಗರಿಯೂ ಇಲ್ಲ."

"ಏನು ಬೇಕಯ್ಯ?" ಎಂದ ರಾಜ. "ಅರ್ಧ ರಾಜ್ಯವೋ, ಮಗಳೋ?"

"ಮನೇಲಿರೋಳಿಗೇ ಕಾಲು ಚಾಚೋಕೆ ಜಾಗವಿಲ್ಲ ಬುದ್ಧಿ! ಆನೆಲಾಯ ಕೊಡಿ, ಪುಸ್ತಕ ಜೋಡಿಸಿ ಬಾಗಿಲು ತೆರೆದಿಡ್ತೀನಿ. ಯಾರು ಬೇಕಾದರೂ ಬಂದು ಓದಲಿ. ಆ ಪೂಜೆಮನೆ ಕಟ್ಟನ್ನೂ ಬಿಚ್ಚಿಸಿ."

ರಾಜ ಹೂಂಗುಟ್ಟುವ ಮೊದಲೇ ಚಿತ್ರಾಂಬೆ ಪೂಜೆಮನೆಗೆ ಓಡಿದ್ದಳು.

"ಸೆರೆಯಲ್ಲಿರುವವರ ತಲೆ?" ಎಂದ ರಾಜ.

"ಕಡಿದರೆ ಓದೋರು ಯಾರು ಬುದ್ಧಿ?"

ರಾಜಕುಮಾರ ಲಾಯ ಗುಡಿಸಿದ. ದಳವಾಯಿ ದಂಡು ಕಟ್ಟಿಕೊಂಡು ಮನೆಮನೆಗೆ ನುಗ್ಗಿ ಎರವಲು ಹೋದ ಪುಸ್ತಕಗಳನ್ನೆಲ್ಲ ಗೆದ್ದು ತಂದ. ಓದು ಬಾರದವರಿಗೆ ಓದಿ ಹೇಳುವ ಕೆಲಸ ಪಂಡಿತನದು.

"ನನ್ನಂಥವನು ಬೀದಿಯವರಿಗೆ ಓದಬೇಕೆ?"

"ತಲೆ ಉಳೀತಲ್ಲ ಸ್ವಾಮಿ," ಎಂದ ಮಾಚಣ್ಣ, "ಉಪಯೋಗಿಸಿ."

ಬಾಗಿಲು ತೆರೆದ ದಿನ ರಾಜನೇ ಕುಂಕುಮದ ಬಟ್ಟಲು ಹಿಡಿದು ಬಂದ. ಬಟ್ಟಲನ್ನು ಹೊರಗಿಡಿಸಿ ಅವನನ್ನು ಒಳಗೆ ಕೂರಿಸಿದ್ದಾಯಿತು. ಆಮೇಲೆ ಎಷ್ಟು ಜನ ಕೂತು ಓದಿದರೆಂದರೆ, ಗರಿ ಮಗುಚಿದ ಗಾಳಿಗೆ ಕೋಟೆಯ ಬಾವುಟ ಸಂಜೆಯವರೆಗೂ ಪಟಪಟ ಹೊಡೆದುಕೊಂಡಿತು. ನಂಬದವರು ಬಾವುಟವನ್ನೇ ಕೇಳಿಕೊಳ್ಳಲಿ.

ಲಾಯದ ಮೂಲೆಯಿಂದ ಮಾಚಣ್ಣನ ಒಂದೇ ಕೂಗು ಕೇಳುತ್ತಿತ್ತು: "ಸ್ವಲ್ಪ ಮೆಲ್ಲಗೆ ಮಗುಚ್ರಪ್ಪಾ, ಮುರಿದುಹೋಗುತ್ತೆ!"