ಕೆಂಪು ಕಾರು, ಆಶ್ರಮದ ವ್ಯಾನು

ನದಿಯ ದಡದಲ್ಲಿ ಒಂದು ಆಶ್ರಮ. ಅಲ್ಲೊಂದು ಪದ್ಧತಿ. ಹೊರಗೆ ಹೋಗಿ ಬಂದವನು ತಾನು ಕಂಡದ್ದೊಂದನ್ನು ಸಂಜೆ ಗುರುಗಳಿಗೆ ಹೇಳಬೇಕು. ಅವರು ತಲೆದೂಗಿದರೆ ಚಾಪೆಯ ಮೇಲೆ ಜಾಗ, ಆಗ ಅವನು ಶಿಷ್ಯ. ಅಲ್ಲಿಯವರೆಗೆ ಬರಿ ನೆಲ.

ಪ್ರಭಂಜನ ಇನ್ನೂ ಬರಿ ನೆಲದ ಮೇಲಿದ್ದ. ಕಾಲೇಜಿನಲ್ಲಿ ಭೌತಶಾಸ್ತ್ರ ಕಲಿಸಿ, ಅಷ್ಟು ಸಾಲದೆಂದು ಬಂದವನು. ದಿನಾ ಆಶ್ರಮದ ವ್ಯಾನಿನಲ್ಲಿ ಪೇಟೆಗೆ ಹೋಗಿ ತರಕಾರಿ ತರುವುದು ಅವನ ಕೆಲಸ.

“ಏನು ಕಂಡೆ?”

“ಏನೂ ಇಲ್ಲ, ಗುರುಗಳೇ.”

“ಹುಣ್ಣಿಮೆ ಹತ್ತಿರ ಬಂತು. ಅಷ್ಟರೊಳಗೆ ಏನೂ ಕಾಣದಿದ್ದರೆ ಊರಿಗೆ ಹೊರಡು. ಬೇಜಾರು ಮಾಡ್ಕೋಬೇಡ.”

“ತಪ್ಪು ನನ್ನದಲ್ಲ, ವ್ಯಾನಿನದು,” ಎಂದ ಪ್ರಭಂಜನ. “ಅದು ಹೊಸ ಕಾಲದ ಡಬ್ಬ. ಗಾಜು ಏರಿಸಿ ಎಸಿ ಹಾಕಿದರೆ ಹೊರಗಿನ ಸದ್ದೂ ಇಲ್ಲ, ಗಾಳಿಯೂ ಇಲ್ಲ. ಎಲ್ಲಿ ತಿರುಗಬೇಕೆಂದು ಕೂಡ ಅದೇ ಹೇಳುತ್ತದೆ. ಮನೆಯಲ್ಲಿ ನನ್ನದೊಂದು ಹಳೇ ಸ್ಪೋರ್ಟ್ಸ್ ಕಾರಿದೆ. ನನಗಿಂತ ಹಿರಿಯದು. ಮೇಲೆ ಚಾವಣಿಯಿಲ್ಲ, ಎರಡೇ ಸೀಟು. ಅದರಲ್ಲಿ ಕೂತರೆ ರಸ್ತೆಯ ಒಂದೊಂದು ಕಲ್ಲೂ ಬೆನ್ನಿಗೆ ಗೊತ್ತಾಗುತ್ತದೆ.”

“ಹೌದೇ?” ಗುರುಗಳಿಗೆ ನಿಜಕ್ಕೂ ಕುತೂಹಲ. “ತರಿಸು, ನೋಡೋಣ.”

ಪ್ರಭಂಜನನಿಗೆ ನಿರಾಸೆಯೇ ಆಯಿತು. ತ್ಯಾಗ, ವೈರಾಗ್ಯ ಎಂದು ಉಪದೇಶ ಬರುತ್ತದೆ, ವಾದ ಮಾಡಬಹುದು ಎಂದುಕೊಂಡಿದ್ದ.

ಕೆಂಪು ಕಾರು ಬಂತು. ಗುರುಗಳು ಅದರ ಸುತ್ತ ಒಮ್ಮೆ ನಡೆದು, ಬಾಗಿಲ ಮೇಲೆ ಬೆರಳಾಡಿಸಿ ಕೇಳಿದರು:

“ತರಕಾರಿ ಎಲ್ಲಿಡ್ತೀ?”

“ಪಕ್ಕದ ಸೀಟಿನಲ್ಲಿ.”

“ಕುಂಬಳಕಾಯಿಗೆ ಒಳ್ಳೇ ಯೋಗ.”

ಸಂಜೆ ಅವನು ಗಾಳಿಗೆ ಕೆದರಿದ ಕೂದಲಲ್ಲೇ ಬಂದು ಕೂತ.

“ಏನು ಕಂಡೆ?”

“ದಾರಿಯುದ್ದಕ್ಕೂ ಜನ ನಿಂತು ನನ್ನನ್ನೇ ನೋಡಿದರು!”

“ಅವರು ಏನು ಕಂಡರು ಅಂತ ನಾನು ಕೇಳಲಿಲ್ಲ.”

ಹುಣ್ಣಿಮೆಯ ದಿನ ಪೇಟೆಯಿಂದ ಬರುವಾಗ ಕಾರು ಬಿಸಿಯೇರಿ ನದಿಯ ದಂಡೆಯಲ್ಲೇ ನಿಂತಿತು. ಪ್ರಭಂಜನ ಬಾನೆಟ್ ಎತ್ತಿದ, ಬೈದ, ತಳ್ಳಿದ. ಇಂಜಿನ್ ತಣಿಯುವವರೆಗೆ ಮಾಡಲು ಬೇರೇನೂ ಉಳಿಯಲಿಲ್ಲ. ಕುಂಬಳಕಾಯಿಯ ಪಕ್ಕ ಕೂತ.

ಸಂಜೆ ಓಡುತ್ತಲೇ ಬಂದ.

“ಗುರುಗಳೇ, ಕಂಡೆ! ಆಚೆ ದಡದಲ್ಲಿ ಒಬ್ಬಾಕೆ ಬಟ್ಟೆ ಒಗೆಯುತ್ತಿದ್ದಳು. ಬಟ್ಟೆ ಕಲ್ಲಿಗೆ ಬಿದ್ದಾಗ ಸದ್ದೇ ಇಲ್ಲ. ಆಕೆ ಮತ್ತೆ ಕೈ ಎತ್ತಿದ ಮೇಲೆ ಥಪ್ ಅಂತ ನನ್ನ ಕಿವಿಗೆ ಬಂತು. ಶಬ್ದದ ವೇಗ ಅಂತ ವರ್ಷಗಟ್ಟಲೆ ಬೋರ್ಡಿನ ಮೇಲೆ ಬರೆದಿದ್ದೇನೆ. ಅದು ನದಿ ದಾಟಿ ಬರುವುದನ್ನು ಕಂಡದ್ದು ಇವತ್ತು.”

ಗುರುಗಳು ನದಿಯ ಕಡೆ ಕಿವಿಗೊಟ್ಟರು, ತಾವೂ ಆ ಸದ್ದಿಗೆ ಕಾಯುತ್ತಿರುವಂತೆ. ಆಮೇಲೆ ತಲೆದೂಗಿ, ಸರಿದು, ಚಾಪೆಯ ಮೇಲೆ ಜಾಗ ಮಾಡಿದರು.

ಪ್ರಭಂಜನ ಕೂತ. ಕೂತವನು ಸುಮ್ಮನಿರಬಹುದಿತ್ತು.

“ನಾನು ಹೇಳಿರಲಿಲ್ಲವೇ? ವ್ಯಾನಿಗಿಂತ ಕಾರೇ ಮೇಲು.”

“ನೀನು ಕಂಡದ್ದು ಕಾರು ಓಡುವಾಗಲೋ, ನಿಂತಾಗಲೋ?”

“ನಿಂತಾಗ.”

“ವ್ಯಾನಿಗೂ ಬ್ರೇಕ್ ಇದೆ, ಮಾರಾಯ.”