ಕಿಡ್ ಎಂದರೆ ಏನು

“ಅಜ್ಜಾರ, ಮಕ್ಕಳು ನಮ್ಮಿಂದ ಏನು ಕಲಿತರು ಅನ್ನೋದು ನಮಗ ಹೆಂಗ ತಿಳೀಬೇಕು?”

ಕೇಳಿದವನು ಗುರುಶಾಂತ. ಮಠದ ಪ್ರಸಾದ ನಿಲಯದಲ್ಲಿ ಉಳಿದುಕೊಂಡು ಬಿ.ಎಡ್. ಓದುತ್ತಿದ್ದ. ಒಂದು ತಿಂಗಳಿಂದ ಹತ್ತಿರದ ಶಾಲೆಗೆ ಹೋಗಿ ಇಂಗ್ಲಿಷ್ ಪಾಠದ ಅಭ್ಯಾಸ ನಡೆಸಿದ್ದ. ಪಾಠದ ನಡುವೆ ಕನ್ನಡ ಬಂತೆಂದು ಒಬ್ಬ ಉಪನ್ಯಾಸಕರು ತಪ್ಪು ಹಿಡಿದಿದ್ದರು. ಕನ್ನಡ ಬಿಟ್ಟು ಪಾಠ ಮಾಡಿದಾಗ, ಮಕ್ಕಳಿಗೆ ಏನೂ ತಿಳಿಯಲಿಲ್ಲವೆಂದು ಇನ್ನೊಬ್ಬರು ತಪ್ಪು ಹಿಡಿದಿದ್ದರು. ಮಕ್ಕಳಂತೂ ಇಬ್ಬರ ಎದುರಿಗೂ ‘ಯೆಸ್ ಸರ್’ ಎಂದೇ ಕೂಗಿದ್ದರು. ತಾನು ಕಲಿಸಿದೆನೋ ಬರೀ ಮಾತಾಡಿ ಬಂದೆನೋ ಎಂಬುದು ಅವನಿಗೆ ಬಗೆಹರಿಯದಾಗಿತ್ತು.

ಅಜ್ಜಾರು ಮಠದ ಹಿರಿಯ ಸ್ವಾಮಿಗಳು. ಇಂಥ ಹುಡುಗರನ್ನು ವರ್ಷವರ್ಷವೂ ಕಂಡವರು. ಅವನಿಗೆ ಒಂದು ಕತೆ ಹೇಳಿದರು.

ಒಬ್ಬ ತರುಣನಿದ್ದ. ಅವನೂ ನಿನ್ನ ಹಾಗೆ ಶಿಕ್ಷಕನಾಗಲು ಹೊರಟವನು. ಅವನನ್ನು ಒಂದು ಹಳ್ಳಿಯ ಶಾಲೆಗೆ, ಏಳನೆಯ ತರಗತಿಗೆ ಇಂಗ್ಲಿಷ್ ಕಲಿಸಲು ಕಳಿಸಿದರು. ಅವನು ಹಳ್ಳಿಯ ಶಾಲೆಯಲ್ಲೇ ಓದಿದವನು. ಇಂಗ್ಲಿಷ್ ಎಂದರೆ ಅವನಿಗೆ ಒಳಗೊಳಗೇ ಅಳುಕು. ಆ ಅಳುಕು ಯಾರಿಗೂ ಕಾಣಬಾರದೆಂದು ದಿನವೂ ಪಾಠವನ್ನು ಬರೆದು, ಬಾಯಿಪಾಠ ಮಾಡಿ, ಕನ್ನಡಿಯ ಮುಂದೆ ನಿಂತು ಹೇಳಿ ನೋಡಿಕೊಂಡು ಹೋಗುತ್ತಿದ್ದ.

ಒಂದು ದಿನ ಅವನ ಪಾಠ ನೋಡಲು ಕಾಲೇಜಿನ ಉಪನ್ಯಾಸಕರು ಬಂದರು. ಹಿಂದಿನ ಬೆಂಚಿನಲ್ಲಿ ಪುಸ್ತಕ ತೆರೆದು ಕುಳಿತರು. ಅಂದಿನ ಪಾಠ ಒಬ್ಬ ಮುದುಕಿಯದು. ಅದರಲ್ಲಿ ಒಂದು ವಾಕ್ಯವಿತ್ತು: ‘ದ ಕಿಡ್ ಜಂಪ್ಡ್ ಓವರ್ ದ ವಾಲ್ ಆ್ಯಂಡ್ ರ‍್ಯಾನ್ ಟು ಇಟ್ಸ್ ಮದರ್.’

ತರುಣ ಅದನ್ನು ಎರಡು ಸಲ ಓದಿದ. ಆಮೇಲೆ ಅರ್ಥ ಹೇಳಿದ: “ಮಗು ಗೋಡೆ ಹಾರಿ ತಾಯಿಯ ಹತ್ತಿರ ಓಡಿತು. ಕಿಡ್ ಅಂದರೆ ಮಗು.”

ಕಿಟಕಿಯ ಪಕ್ಕದಿಂದ ಒಬ್ಬ ಹುಡುಗಿ ಕೈ ಎತ್ತಿದಳು. ಕುರಿಗಾರರ ಮನೆಯವಳು. ಕೈ ಎತ್ತಿದ್ದು ಅದೇ ಮೊದಲು.

“ಸರ್, ಕಿಡ್ ಅಂದ್ರ ಆಡಿನ ಮರಿರೀ. ಮಗು ಎಲ್ಲಿ ಗೋಡಿ ಹಾರ್ತೈತ್ರಿ? ದನದ ಡಾಕ್ಟರು ನಮ್ಮ ಚೀಟಿಯೊಳಗ ಹಂಗ ಬರದಾರ್ರಿ...”

ತರಗತಿ ಗೊಳ್ಳೆಂದು ನಕ್ಕಿತು. ನಕ್ಕದ್ದು ಯಾರನ್ನು ಕಂಡು ಎಂದು ತರುಣನಿಗೆ ತಿಳಿಯಲಿಲ್ಲ. ಅವನ ಕಣ್ಣು ಹಿಂದಿನ ಬೆಂಚಿನತ್ತ ಹೋಯಿತು. ಉಪನ್ಯಾಸಕರ ಪೆನ್ನು ನಿಂತಿತ್ತು.

“ಇದು ಇಂಗ್ಲಿಷ್ ಕ್ಲಾಸು. ನಿಮ್ಮ ಹಟ್ಟಿಯಲ್ಲ. ಕೂತುಕೋ” ಎಂದ.

ಈ ಸಲದ ನಗು ಯಾರನ್ನು ಕಂಡು ಎಂಬುದರಲ್ಲಿ ಅನುಮಾನವಿರಲಿಲ್ಲ. ಹುಡುಗಿ ಕುಳಿತಳು. ತರುಣ ‘ಕಿಡ್ ಎಂದರೆ ಮಗು’ ಎಂದು ಮೂರು ಸಲ ಹೇಳಿಸಿದ. ಮಕ್ಕಳು ಮೂರು ಸಲ ಕೂಗಿದರು. ಉಪನ್ಯಾಸಕರು ಹೋಗುವಾಗ ಅವನ ಪುಸ್ತಕದಲ್ಲಿ ‘ತರಗತಿಯ ಮೇಲೆ ಉತ್ತಮ ಹಿಡಿತ’ ಎಂದು ಬರೆದು ಸಹಿ ಮಾಡಿದರು.

ತರುಣನಿಗೆ ಹಿಗ್ಗಾಯಿತು. ಆದರೆ ಆ ಮಾತು ಮನಸ್ಸಿನಲ್ಲಿ ಎಲ್ಲೋ ಸಿಕ್ಕಿಕೊಂಡಿತ್ತು. ಮಗು ಎಲ್ಲಿ ಗೋಡೆ ಹಾರುತ್ತದೆ? ಮರುದಿನ ಕಾಲೇಜಿನ ಗ್ರಂಥಾಲಯಕ್ಕೆ ಹೋಗಿ ದೊಡ್ಡ ನಿಘಂಟು ತೆಗೆದ. ಕಿಡ್: ಆಡಿನ ಮರಿ. ಅದು ಮೊದಲ ಅರ್ಥ. ಅದರ ಕೆಳಗೆ: ಆಡುಮಾತಿನಲ್ಲಿ, ಮಗು.

ಅವನಿಗೆ ಗೊಂದಲವಾಯಿತು. ಮಗು ಎಂಬ ಅರ್ಥವೂ ಇದೆ. ಹಾಗಾದರೆ ತಾನು ಹೇಳಿದ್ದು ತಪ್ಪಲ್ಲ. ಆದರೆ ಆ ವಾಕ್ಯದಲ್ಲಿ ‘ಇಟ್ಸ್’ ಎಂದಿದೆ. ಪ್ರಾಣಿಗಳಿಗೆ ಸಾಮಾನ್ಯವಾಗಿ ‘ಇಟ್ಸ್’ ಬರುತ್ತದೆ ಎಂದು ಆ ವಾರದ ಮೊದಲಲ್ಲಿ ತಾನೇ ಕಲಿಸಿದ್ದ. ಹಾಗಾದರೆ ತಪ್ಪು. ಪದದ ಅರ್ಥ ಸರಿ, ಆ ವಾಕ್ಯಕ್ಕೆ ತಪ್ಪು. ಇದನ್ನು ಏಳನೆಯ ತರಗತಿಗೆ ಹೇಗೆ ಹೇಳುವುದು? ಹೇಳಲೇಬೇಕೇ?

ಜೊತೆಯಲ್ಲಿದ್ದ ಗೆಳೆಯನನ್ನು ಕೇಳಿದ. ಗೆಳೆಯ ನಕ್ಕುಬಿಟ್ಟ. “ಎರಡೂ ಅರ್ಥ ಅದಾವಲ್ಲೋ, ಇನ್ನೇನು? ಸಹಿ ಬಿದ್ದೈತಿ. ಸುಮ್ಮನ ಕೆದಕಬ್ಯಾಡ.”

ಶಾಲೆಯ ಇಂಗ್ಲಿಷ್ ಮಾಸ್ತರರನ್ನು ಕೇಳಿದ. ಅವರು ಮುಖ ಗಂಟಿಕ್ಕಿದರು. “ನೀ ಇನ್ನ ನಾಕು ದಿನದಾಗ ಹೋಗಾಂವ. ‘ನಂದು ತಪ್ಪು’ ಅಂತ ಹೇಳಿ ಹೋಗ್ತಿ. ನಾಳಿಂದ ನಾ ಹೇಳಿದ ಒಂದೊಂದು ಮಾತಿಗೂ ಅವು ಎದ್ದು ನಿಂತ್ರ ನಾ ಏನು ಮಾಡಲಿ?”

ಅವರ ಮಾತಿನಲ್ಲಿಯೂ ಹುರುಳಿದೆ ಎನಿಸಿತು. ಗೆಳೆಯನ ಮಾತಿನಲ್ಲಿಯೂ ಇದೆ ಎನಿಸಿತು. ಎರಡು ದಿನ ಅನ್ನ ರುಚಿಸಲಿಲ್ಲ. ಇನ್ನೊಂದು ಸಂಗತಿ ಅವನನ್ನು ಹೆಚ್ಚು ಕಾಡಿತು. ಆ ಹುಡುಗಿಯ ಹೆಸರೇ ಅವನಿಗೆ ಗೊತ್ತಿರಲಿಲ್ಲ. ಹಾಜರಿ ಪುಸ್ತಕ ತೆಗೆದು ನೋಡಿದ. ಮಾಳವ್ವ.

ಮೂರನೆಯ ದಿನ ಗಟ್ಟಿ ಮನಸ್ಸು ಮಾಡಿ ತರಗತಿಗೆ ಹೋದ. ಹೋಗುತ್ತಿದ್ದಂತೆಯೇ ಕೇಳಿದ: “ಕಿಡ್ ಎಂದರೆ ಏನು?”

“ಮಗು!” ಎಂದು ಇಡೀ ತರಗತಿ ಕೂಗಿತು.

“ಮಾಳವ್ವ, ನೀನು ಹೇಳು.”

ಹುಡುಗಿ ಎದ್ದು ನಿಂತಳು. “ಮಗುರೀ ಸರ್.”

“ನೀನು ಅವತ್ತು ಬೇರೆ ಹೇಳಿದ್ದೆಯಲ್ಲ?”

“ತಪ್ಪಾಗಿತ್ರಿ ಸರ್.”

ತರುಣ ಪುಸ್ತಕವನ್ನು ಮೇಜಿನ ಮೇಲಿಟ್ಟ. “ತಪ್ಪಾಗಿರಲಿಲ್ಲ. ತಪ್ಪಿದ್ದು ನಾನು. ಈ ಪಾಠದಲ್ಲಿ ಕಿಡ್ ಅಂದರೆ ಆಡಿನ ಮರಿ. ಮಾಳವ್ವ ಹೇಳಿದ್ದೇ ಸರಿ” ಎಂದ.

ಮಕ್ಕಳು ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಮುಂದಿನ ಬೆಂಚಿನ ಹುಡುಗನೊಬ್ಬ ಎದ್ದ. “ಸರ್, ಪರೀಕ್ಷಾದಾಗ ಯಾವುದು ಬರೀಬೇಕ್ರಿ?”

“ಆಡಿನ ಮರಿ.”

ಎಲ್ಲರೂ ತಲೆ ಬಗ್ಗಿಸಿದರು. ‘ಮಗು’ ಅಳಿಸಿ ‘ಆಡಿನ ಮರಿ’ ಎಂದು ಬರೆದರು. “ಕಿಡ್ ಎಂದರೆ ಏನು?” ಎಂದು ತರುಣ ಮತ್ತೆ ಕೇಳಿದ. “ಆಡಿನ ಮರಿ!” ಎಂದು ಎಲ್ಲರೂ ಕೂಗಿದರು. ‘ಮಗು’ ಎಂದಾಗ ಎಷ್ಟು ಗಟ್ಟಿಯಾಗಿ ಕೂಗಿದ್ದರೋ ಅಷ್ಟೇ ಗಟ್ಟಿಯಾಗಿ. ಮಾಳವ್ವನೂ ತಲೆ ಎತ್ತದೆ ತುಟಿ ಆಡಿಸಿದಳು. ತರುಣ ಒಪ್ಪಬೇಕಾದ್ದನ್ನು ಒಪ್ಪಿದ್ದ. ಮನಸ್ಸು ಹಗುರವಾಗಬೇಕಿತ್ತು. ಆಗಲಿಲ್ಲ. ಯಾಕೆಂದು ಅವನಿಗೇ ತಿಳಿಯಲಿಲ್ಲ.

ಶಾಲೆ ಬಿಟ್ಟ ಮೇಲೆ ದಾರಿ ಕೇಳಿಕೊಂಡು ಕುರಿಗಾರರ ಹಟ್ಟಿಗೆ ಹೋದ. ಮಾಳವ್ವ ಬೇಲಿಯ ಪಕ್ಕ ಕುಳಿತಿದ್ದಳು. ಮಡಿಲಲ್ಲಿ ಒಂದು ಆಡಿನ ಮರಿ. ಅದರ ತಾಯಿ ಹಾಲು ಕೊಡದೆ ಒದೆಯುತ್ತಿತ್ತೆಂದು ಅದಕ್ಕೆ ಬಾಟಲಿಯಲ್ಲಿ ಹಾಲು ಕುಡಿಸುತ್ತಿದ್ದಳು. ಗುರುಗಳನ್ನು ಕಂಡು ಮರಿಯನ್ನು ಅವಚಿಕೊಂಡೇ ಎದ್ದು ನಿಂತಳು.

ತರುಣನಿಗೆ ಸಂತೋಷವಾಯಿತು. ಇಲ್ಲಿ ನಗುವವರಿಲ್ಲ. ಬರೆದುಕೊಳ್ಳುವವರೂ ಇಲ್ಲ. ಅವನು ಹತ್ತಿರ ಹೋಗಿ ಮರಿಯ ತಲೆ ಸವರಿ ಮೆಲ್ಲಗೆ ಕೇಳಿದ: “ಮಾಳವ್ವ, ಇದಕ್ಕೆ ಇಂಗ್ಲಿಷಿನಲ್ಲಿ ಏನಂತಾರೆ?”

ಹುಡುಗಿ ಮರಿಯನ್ನು ನೋಡಿದಳು. ಅವನ ಮುಖ ನೋಡಿದಳು. ಅವನಿಗೆ ಯಾವ ಉತ್ತರ ಬೇಕಾಗಿದೆ ಎಂದು ಬಹಳ ಹೊತ್ತು ಹುಡುಕಿದಳು.

“ಗೊತ್ತಿಲ್ರಿ ಸರ್.”

“ನೀನೇ ಹೇಳಿದ್ದೆಯಲ್ಲವ್ವ. ನಿನಗೆ ಗೊತ್ತಿತ್ತು.”

“ನಂಗ ತಿಳೀಲಾರದ ಹೇಳಿದ್ದೆರಿ. ನೀವ ಹೇಳ್ರಿ ಸರ್.”

ಅವನು ಮತ್ತೆ ಹೇಳಿದ. ನಿನ್ನ ಮಾತೇ ಸರಿ ಎಂದ. ತನ್ನದೇ ತಪ್ಪು ಎಂದ. ಮುಂದೆಯೂ ಹೀಗೆಯೇ ಕೈ ಎತ್ತಬೇಕು ಎಂದ. ಪ್ರತಿ ಮಾತಿಗೂ ಆಕೆ “ಹೂನ್ರಿ ಸರ್” ಎಂದಳು. ಮರಿ ಹಾಲಿಗಾಗಿ ಅವಳ ಕೈ ಚೀಪುತ್ತಿತ್ತು. ಇನ್ನೇನು ಹೇಳಬೇಕೆಂದು ತೋಚದೆ ತರುಣ ಬಂದ ದಾರಿಯಲ್ಲೇ ಹಿಂದಿರುಗಿದ.

ಶನಿವಾರ ಅವನ ಅಭ್ಯಾಸ ಮುಗಿಯಿತು. ಒಳ್ಳೆಯ ಅಂಕಗಳು ಬಂದವು. ಹೊರಡುವ ದಿನ ಮಕ್ಕಳು ಸಾಲಾಗಿ ನಿಂತು ‘ಥ್ಯಾಂಕ್ಯೂ ಸರ್’ ಎಂದರು. ಮಾಳವ್ವನೂ ಎಂದಳು.

ಅಜ್ಜಾರು ಕತೆ ಅಲ್ಲಿಗೆ ನಿಲ್ಲಿಸಿದರು. ಗುರುಶಾಂತ ಇನ್ನೂ ಮುಂದಿದೆಯೆಂದು ಕಾದ. ಮುಂದೆ ಬರಲಿಲ್ಲ. ಅವನ ಗೊಂದಲ ಮೊದಲಿಗಿಂತ ಹೆಚ್ಚಾಗಿತ್ತು. ಆ ತರುಣ ತಪ್ಪನ್ನು ಒಪ್ಪಿಕೊಂಡಿದ್ದ. ಸರಿಯಾದದ್ದನ್ನು ಹೇಳಿಕೊಟ್ಟಿದ್ದ. ಹಟ್ಟಿಯವರೆಗೂ ನಡೆದು ಹೋಗಿದ್ದ. ಇಷ್ಟಾದರೂ ಕೈಗೆ ಏನೂ ಹತ್ತಲಿಲ್ಲವಲ್ಲ?

“ಅಂದ್ರ ಅಜ್ಜಾರ, ಅಷ್ಟು ಮಾಡಿದರೂ ಅವನ ಪಾಠ ಆ ಹುಡುಗಿಗೆ ಮುಟ್ಟಲೇ ಇಲ್ಲೇನ್ರಿ?” ಎಂದು ಕೇಳಿದ.

ಅಜ್ಜಾರು ಹೇಳಿದರು: “ಮುಟ್ಟಿತಲ್ಲಪ್ಪ, ಕೂತುಕೋ ಅಂದ ದಿನಾನೇ ಪೂರ್ತಿ ಮುಟ್ಟಿತು.”