ಸೌದೆ ದುಂಡಮ್ಮನ ಏರು

ಕಲ್ಲರೆಪಾಳ್ಯದಿಂದ ಮೇಲ್ದೊಡ್ಡಿಗೆ ಹತ್ತುವ ಬೆಟ್ಟದ ದಾರಿಗೆ ಹದಿನಾಲ್ಕು ತಿರುವುಗಳು. ಎರಡೂ ಕಡೆ ದಿಂಡಿಗ, ಹೊನ್ನೆ ಮತ್ತು ಬಿದಿರಿನ ಕಾಡು. ರಜೆಯ ದಿನ ಬಂತೆಂದರೆ ದೂರದ ಊರುಗಳಿಂದ ಸೈಕಲ್ ಸವಾರರು ಗುಂಪು ಕಟ್ಟಿಕೊಂಡು ಈ ಏರನ್ನು ಹತ್ತಲು ಬರುತ್ತಾರೆ. ಅವರ ತಲೆಗೆ ಹೆಲ್ಮೆಟ್ಟು, ಕಾಲಿನ ಕೆಳಗೆ ಹಗುರವಾದ ಗೇರಿನ ಸೈಕಲ್ಲು. ಮೊದಲ ತಿರುವಿನ ಹೊಂಗೆ ಮರದ ಬುಡದಲ್ಲಿ ಮೊಳದುದ್ದದ ಮರದ ತುಂಡುಗಳ ರಾಶಿಯೊಂದಿದೆ. ದಾರಿ ಬಲ್ಲವರು ಅಲ್ಲಿ ನಿಂತು, ಒಂದೊಂದು ತುಂಡನ್ನು ಎತ್ತಿ ಸೈಕಲ್ಲಿಗೆ ಕಟ್ಟಿಕೊಂಡೇ ಮುಂದೆ ಹೋಗುತ್ತಾರೆ. ಏರುವ ದಾರಿಯಲ್ಲಿ ಯಾರಾದರೂ ಬೇಕೆಂದೇ ಭಾರ ಹೊರುತ್ತಾರೆಯೇ ಎಂದು ಹೊಸಬರಿಗೆ ಬೆರಗಾಗುತ್ತದೆ. ಮೇಲೆ ಹದಿನಾಲ್ಕನೆಯ ತಿರುವಿನಲ್ಲಿ ಒಂದು ಊಟೆ, ಅಂದರೆ ಬಂಡೆಯ ಸಂದಿನಿಂದ ಒಸರುವ ನೀರಿನ ಬುಗ್ಗೆ ಇದೆ. ಅದರ ಪಕ್ಕದಲ್ಲಿಯೂ ಇಂಥದ್ದೇ ಒಂದು ರಾಶಿ. ಹತ್ತಿದವರು ಅಲ್ಲಿ ಇಳಿಸುತ್ತಾರೆ, ಇಳಿಯುವವರು ಅಲ್ಲಿಂದ ಒಂದನ್ನು ಕೆಳಕ್ಕೆ ತರುತ್ತಾರೆ. ಹೀಗಾಗಿ ಮೇಲಿನ ರಾಶಿ ಕರಗುವುದಿಲ್ಲ, ಕೆಳಗಿನದು ಬೆಳೆಯುವುದಿಲ್ಲ. ಈ ದಾರಿಯ ಹೆಸರು ಸೌದೆ ದುಂಡಮ್ಮನ ಏರು. ಹಿಂದೆ ಯಾರೋ ದುಂಡಮ್ಮ ಎಂಬಾಕೆ ಇಲ್ಲಿ ಸೌದೆ ಮಾರುತ್ತಿದ್ದಳೆಂದು ಹಲವರು ಊಹಿಸುತ್ತಾರೆ. ಅದು ಸರಿಯಲ್ಲ. ಆಕೆ ಒಂದು ಕಡ್ಡಿಯನ್ನೂ ಮಾರಿದವಳಲ್ಲ. ಕಾಡಿನಿಂದ ಊರಿಗೆ ಸೌದೆ ಹೊರುವವರು ಎಲ್ಲೆಲ್ಲಿಯೂ ಇದ್ದಾರೆ; ಊರಿನಿಂದ ಕಾಡಿಗೆ ಸೌದೆ ಹೊತ್ತವಳು ಆಕೆಯೊಬ್ಬಳೇ ಎನ್ನುತ್ತಾರೆ ಮೇಲ್ದೊಡ್ಡಿಯ ಹಿರಿಯರು.

ಈ ಭಾಗಕ್ಕೆ ಸೈಕಲ್ಲು ಹೊಸದಾಗಿ ಬಂದಿದ್ದ ಕಾಲದ ಮಾತು. ಆಗ ಇದು ಟಾರು ಕಾಣದ ಮಣ್ಣಿನ ದಾರಿ. ಬೆಟ್ಟದ ಮೇಲಿನ ದೊಡ್ಡಿಗಳ ವ್ಯಾಪಾರಿಗಳು ಬಟ್ಟೆ, ಜೇನು, ಹುಣಸೆಹಣ್ಣು, ಹೊಗೆಸೊಪ್ಪನ್ನು ಸೈಕಲ್ಲಿಗೆ ಹೇರಿಕೊಂಡು ಮಂಗಳವಾರ ಬೆಳಿಗ್ಗೆ ಕಲ್ಲರೆಪಾಳ್ಯದ ಸಂತೆಗೆ ಇಳಿಯುತ್ತಿದ್ದರು. ಬುಧವಾರ ಸೈಕಲ್ಲನ್ನು ತಳ್ಳಿಕೊಂಡು ಹತ್ತುತ್ತಿದ್ದರು. ಇಳಿಯುವುದೇ ಗಂಡಾಂತರ. ಆ ಕಾಲದ ಸೈಕಲ್ಲಿನ ಬ್ರೇಕು ಭಾರದ ಹೊರೆಯನ್ನು ತಡೆಯುತ್ತಿರಲಿಲ್ಲ; ನಾಲ್ಕು ತಿರುವು ಕಳೆಯುವಷ್ಟರಲ್ಲಿ ರಬ್ಬರು ಕಾದು ಸವೆದುಹೋಗುತ್ತಿತ್ತು. ಅದಕ್ಕಾಗಿ ಅವರು ಊಟೆಯ ಸುತ್ತಲಿನ ದಿಂಡಿಗದ ಮರಗಳಿಂದ ಆಳುದ್ದದ ಹಸಿಕೊಂಬೆಯನ್ನು ಕಡಿದು ಹಗ್ಗದಿಂದ ಸೈಕಲ್ಲಿನ ಹಿಂದಕ್ಕೆ ಕಟ್ಟುತ್ತಿದ್ದರು. ಕೊಂಬೆ ನೆಲವನ್ನು ಉಜ್ಜುತ್ತ ಬಂದರೆ ಸೈಕಲ್ಲು ಓಡಿಹೋಗುವುದಿಲ್ಲ. ಕೆಳಗೆ ಮುಟ್ಟಿದ ಮೇಲೆ ಹಗ್ಗ ಬಿಚ್ಚಿ ಕೊಂಬೆಯನ್ನು ಹೊಂಗೆ ಮರದ ಬುಡಕ್ಕೆ ಎಸೆಯುವರು. ಮುಂದಿನ ವಾರಕ್ಕೆ ಮತ್ತೆ ಹೊಸ ಕೊಂಬೆ. ಕೊಂಬೆ ಮುಗಿದ ಮರವನ್ನು ಬುಡಕ್ಕೇ ಕಡಿದು ಕಟ್ಟುವರು.

ಆ ಊಟೆಯ ಬಳಿ ದುಂಡಮ್ಮನ ಅರವಟ್ಟಿಗೆ ಇತ್ತು. ದಾರಿಹೋಕರಿಗೆ ಧರ್ಮಕ್ಕೆ ನೀರು ಕೊಡುವ ಚಪ್ಪರಕ್ಕೆ ಅರವಟ್ಟಿಗೆ ಎನ್ನುತ್ತಾರೆ. ಅದನ್ನು ಮೊದಲು ಹಾಕಿದವಳು ಅವಳ ಅತ್ತೆ. ಅತ್ತೆ ಸಾಯುವಾಗ ಸೊಸೆಗೆ ಬಿಟ್ಟುಹೋದದ್ದು ಎರಡು ಮಣ್ಣಿನ ಹರವಿ, ಒಂದು ತಾಮ್ರದ ಚೊಂಬು ಮತ್ತು ಎರಡು ಮಾತು. ಬಂದವರು ಯಾರೇ ಆಗಲಿ, ನೀರಿಲ್ಲ ಎನ್ನಬಾರದು. ಕೊಡುವವಳು ಕೊನೆಯಲ್ಲಿ ಕುಡಿಯಬೇಕು. ದುಂಡಮ್ಮ ಹನ್ನೊಂದು ವರ್ಷ ಆ ಎರಡು ಮಾತನ್ನೂ ನಡೆಸಿದ್ದಳು; ಆ ದಾರಿಯವರಿಗೆಲ್ಲ ಅವು ಗೊತ್ತಿದ್ದವು. ಆದರೆ ಹನ್ನೆರಡನೆಯ ವರ್ಷದ ಬೇಸಿಗೆಯಲ್ಲಿ, ಹೊತ್ತು ಹುಟ್ಟುವ ಮೊದಲೇ ತುಂಬುತ್ತಿದ್ದ ಹರವಿ ಮಧ್ಯಾಹ್ನವಾದರೂ ಅರ್ಧಕ್ಕೆ ಬರಲಿಲ್ಲ. ಅವಳು ತಲೆಯೆತ್ತಿ ನೋಡಿದಳು. ನೆರಳಿನಿಂದ ಕತ್ತಲಾಗಿರುತ್ತಿದ್ದ ಊಟೆಯ ಮೇಲೆ ಬಿಸಿಲು ಬಿದ್ದಿತ್ತು. ಸುತ್ತ ನಿಂತಿದ್ದವು ಮರಗಳಲ್ಲ, ಮೋಟುಗಳು. ಮರ ಹೋದರೆ ನೀರು ಹೋಗುತ್ತದೆ, ನೀರು ಹೋದರೆ ಅತ್ತೆಗೆ ಕೊಟ್ಟ ಮಾತು ಹೋಗುತ್ತದೆ ಎಂಬುದು ಅವಳಿಗೆ ಯಾರೂ ಹೇಳದೆ ತಿಳಿಯಿತು.

ಹಾಗಾದರೆ ಕೊಂಬೆ ಕಡಿಯಬೇಡಿ ಎಂದು ಹೇಳಬಹುದಿತ್ತಲ್ಲ ಎಂದು ಕೇಳುವವರುಂಟು. ಅವಳಿಂದ ಅದು ಆಗುತ್ತಿರಲಿಲ್ಲ. ಅವಳ ಗಂಡ ಬಿಳಿಗಯ್ಯ ಒಮ್ಮೆ ಅವಸರದಲ್ಲಿ ಕೊಂಬೆ ಕಟ್ಟದೆ ಇಳಿದು, ಒಂಬತ್ತನೆಯ ತಿರುವಿನಲ್ಲಿ ಸೈಕಲ್ಲಿನ ಸಮೇತ ಕಣಿವೆಗೆ ಬಿದ್ದು ಸತ್ತಿದ್ದ. ಕೊಂಬೆಯಿಲ್ಲದೆ ಇಳಿಯಿರಿ ಎಂದು ಅವಳು ಯಾವ ಬಾಯಿಂದ ಹೇಳಬೇಕು? ಕಡಿದರೆ ನೀರು ಸಾಯುತ್ತದೆ, ಕಡಿಯದಿದ್ದರೆ ಮನುಷ್ಯ ಸಾಯುತ್ತಾನೆ. ಮೂರು ದಿನ ಇದನ್ನೇ ಯೋಚಿಸಿದ ಮೇಲೆ ಅವಳಿಗೆ ಉಳಿದದ್ದು ಒಂದೇ ದಾರಿ: ಇಳಿದ ಕೊಂಬೆ ಮತ್ತೆ ಮೇಲಕ್ಕೆ ಬರಬೇಕು. ದಿಂಡಿಗ ಗಟ್ಟಿ ಮರ. ಒಣಗಿದ ಮೇಲೂ ಒಂದೇ ತುಂಡನ್ನು ಹತ್ತಾರು ಸಲ ಎಳೆಯಬಹುದು.

ಬುಧವಾರ ವ್ಯಾಪಾರಿಗಳು ಹತ್ತಿಬಂದಾಗ ಅವಳು ಕೈಮುಗಿದು ಕೇಳಿದಳು. ಅವರ ಮುಂದಾಳು ಜವಳಿಯ ಚೌಡಪ್ಪ. ಸೀರೆ, ಪಂಚೆ ಮಾರುವವನು. ಒಳ್ಳೆಯ ಮನುಷ್ಯನೇ, ಆದರೆ ನಾಲಿಗೆ ಚುರುಕು.

"ಅಲ್ಲ ಕಣಕ್ಕ," ಎಂದ ಅವನು, "ಖಾಲಿ ಸೈಕಲ್ ತಳ್ಳೋಕೇ ನಾಲಿಗೆ ಹೊರಗೆ ಬತ್ತದೆ. ಅದರ ಮ್ಯಾಲೆ ಒಂದು ಮರಾನೂ ಹೊತ್ಕೊಂಡು ಬಾ ಅಂತೀಯಲ್ಲ! ಕಾಡಲ್ಲಿ ಮರಕ್ಕೇನು ಬರವಾ?"

"ಸುತ್ತ ನೋಡಿ ಮಾತಾಡಪ್ಪ."

"ನೋಡಿದೆ. ಇನ್ನೂ ಏಳೆಂಟು ನಿಂತವೆ."

"ನೀವು ಹೊರದಿದ್ರೆ ಬ್ಯಾಡ," ಎಂದಳು ದುಂಡಮ್ಮ. "ನಾನೇ ಹೊರ್ತೀನಿ."

ಅವಳು ಹೇಳಿದ್ದನ್ನು ಮಾಡಿದಳು. ಮರುದಿನ ಬೆಳಿಗ್ಗೆ ಹರವಿಗಳನ್ನು ಮುಚ್ಚಿ, ದಾರಿಹೋಕರೇ ತೆಗೆದು ಕುಡಿಯಲೆಂದು ಅವುಗಳ ಮೇಲೆ ಚೊಂಬನ್ನಿಟ್ಟು, ಮೂರು ಮೈಲಿ ಇಳಿದಳು. ಹೊಂಗೆ ಮರದ ಬುಡದ ಕೊಂಬೆಗಳನ್ನು ಸವರಿ, ಗಟ್ಟಿಯಾದ ಎರಡನ್ನು ಆರಿಸಿ, ಸೆರಗನ್ನು ಸಿಂಬಿ ಸುತ್ತಿ ತಲೆಗೇರಿಸಿದಳು. ಸಿಂಬಿ ಎಂದರೆ ತಲೆಗೂ ಹೊರೆಗೂ ನಡುವೆ ಇಟ್ಟುಕೊಳ್ಳುವ ಬಟ್ಟೆಯ ಸುರುಳಿ. ಐದನೆಯ ತಿರುವಿಗೆ ಕತ್ತು ಹಿಡಿಯಿತು, ಒಂಬತ್ತನೆಯದಕ್ಕೆ ಕಾಲು ನಡುಗಿತು. ಒಂಬತ್ತನೆಯ ತಿರುವಿನಲ್ಲಿ ಅವಳು ಎಂದೂ ಕೂರುತ್ತಿರಲಿಲ್ಲ. ಕೂತರೆ ಕಣಿವೆ ಕಾಣುತ್ತದೆ, ಕಣಿವೆ ಕಂಡರೆ ಏಳಲಾಗುವುದಿಲ್ಲ. ದಿನಕ್ಕೆ ಎರಡು ಕೊಂಬೆಯಂತೆ ಅವಳು ಊಟೆಯ ಪಕ್ಕದಲ್ಲಿ ರಾಶಿ ಹಾಕುತ್ತ ಬಂದಳು. ಕೆಲವರು ಅದರಿಂದಲೇ ತೆಗೆದು ಕಟ್ಟಿಕೊಂಡರು. ಚೌಡಪ್ಪ ಮಾತ್ರ ಎಲೆಯಿರುವ ಹಸಿಕೊಂಬೆಯೇ ಮೇಲೆಂದು ಹಟ ಹಿಡಿದ. ಮುಂದಾಳು ಕಡಿದರೆ ಹಿಂದಿನವರೂ ಕಡಿಯುತ್ತಾರೆ. ದಾರಿಯಲ್ಲಿ ಹೊರೆ ಹೊತ್ತ ಅವಳು ಎದುರಾದಾಗಲೆಲ್ಲ ಅವನು, "ಸೌದೆ ದುಂಡಮ್ಮಾ, ಕಾಡಿಗೆ ಸೌದೆ ಹ್ಯಾಗೆ ಕೊಟ್ಟೆ? ಗಿರಾಕಿ ಕರಡಿಯಾ, ಕೋತಿಯಾ?" ಎಂದು ಕೂಗುವನು. ಉಳಿದವರು ನಗುವರು. ಹೊರೆ ಹೊತ್ತವಳಿಗೆ ತಲೆಯಾಡಿಸಲೂ ಆಗದು. ಅವಳು, "ದಾರಿ ಬುಡಪ್ಪ," ಎನ್ನುವಳು, ಅಷ್ಟೆ. ಹೀಗೆ ಎರಡು ತಿಂಗಳು ನಡೆಯಿತು. ಅವಳಿಗೆ ಅಂಟಿದ ಹೆಸರು ಹುಟ್ಟಿದ್ದು ಹೀಗೆ, ಅಣಕದಿಂದ.

ಆ ಬೇಸಿಗೆಯ ಕೊನೆಯ ಬುಧವಾರದ ಮಧ್ಯಾಹ್ನ. ಚೌಡಪ್ಪ ಮತ್ತು ಅವನ ಜೊತೆಯ ಆರು ಜನ ಸೈಕಲ್ಲು ತಳ್ಳಿಕೊಂಡು ಊಟೆಯ ಬಳಿಗೆ ಬಂದಾಗ ಹರವಿಗಳೆರಡೂ ಬರಿದಾಗಿದ್ದವು. ಬೆಳಗಿನ ದಾರಿಹೋಕರು ಕುಡಿದು ಮುಗಿಸಿದ್ದರು. ಊಟೆಯಿಂದ ನೀರು ಹನಿಹನಿಯಾಗಿ ಬೀಳುತ್ತಿತ್ತು. ಒಂದು ಹನಿ ಬಿದ್ದರೆ ಇನ್ನೊಂದಕ್ಕೆ ಕಾಯಬೇಕು. ಅವರು ಕಾದು ಕೂತರು. ಕೂರಲು ನೆರಳಿರಲಿಲ್ಲ. ಚೌಡಪ್ಪ ಕೂತದ್ದು ತಾನೇ ಕಡಿದ ಮೋಟಿನ ಮೇಲೆ. ಬಹಳ ಹೊತ್ತಾದ ಮೇಲೆ ಕೆಳಗಿನ ತಿರುವಿನಲ್ಲಿ ದುಂಡಮ್ಮ ಕಾಣಿಸಿದಳು. ತಲೆಯ ಮೇಲೆ ಎರಡು ಕೊಂಬೆ. ಇವತ್ತು ಯಾರೂ ಅಣಕಿಸಲಿಲ್ಲ, ಗಂಟಲು ಅಷ್ಟು ಒಣಗಿತ್ತು.

ಅವಳು ಅವರ ಮುಖಗಳನ್ನು ನೋಡಿದಳು. ಹೊರೆಯನ್ನು ಇಳಿಸದೆಯೇ, ಒಂದು ಕೈಯಿಂದ ಅದನ್ನು ಹಿಡಿದು, ಚಪ್ಪರದ ಮೂಲೆಯಲ್ಲಿದ್ದ ಸಣ್ಣ ಕುಡಿಕೆಯನ್ನು ಎತ್ತಿ ಅದರ ನೀರನ್ನು ಚೊಂಬಿಗೆ ಸುರಿದು ಕೊಟ್ಟಳು. ಏಳು ಜನರಿಗೆ ಒಂದೊಂದೇ ಗುಟುಕು. ಕೊನೆಯ ಗುಟುಕು ಚೌಡಪ್ಪನದು. ಕುಡಿದ ಮೇಲೆ ಅವನು ಕೇಳಿದ.

"ನೀನು ಕುಡಿದ್ಯಾ ಅಕ್ಕ?"

"ಸೌದೆ ಇಳಿಸಿ ಕುಡೀತೀನಿ, ಬುಡು."

ಅವಳು ಹೊರೆ ಇಳಿಸಲು ರಾಶಿಯ ಕಡೆಗೆ ಹೋದಾಗ ಚೌಡಪ್ಪ ಕುಡಿಕೆಯನ್ನು ಬಗ್ಗಿಸಿ ನೋಡಿದ. ಒಂದು ತೊಟ್ಟೂ ಬೀಳಲಿಲ್ಲ. ಅದು ಅವಳು ತನಗೆಂದು ಬೆಳಿಗ್ಗೆ ಎತ್ತಿಟ್ಟುಕೊಂಡಿದ್ದ ನೀರು. ಅವನು ಕುಡಿಕೆಯನ್ನು ಇದ್ದಲ್ಲೇ ಇಟ್ಟ. ಅವಳು ಆಗ ತಾನೇ ಇಳಿಸಿದ ಕೊಂಬೆಗಳನ್ನು ನೋಡಿದ. ಒಂದರ ಬುಡದಲ್ಲಿ ಅವನದೇ ಕೊಡಲಿಯ ಓರೆಯೇಟು ಇತ್ತು. ಆ ಓರೆಯೇಟಿನ ಕೊಂಬೆಗಳು ಕೆಳಗೆ ಇನ್ನೂ ಎಷ್ಟು ಬಿದ್ದಿವೆಯೆಂದು ಅವನಿಗೆ ಗೊತ್ತಿತ್ತು. ಅವನು ಎದ್ದು ಪಂಚೆಯನ್ನು ಎತ್ತಿ ಕಟ್ಟಿದ.

"ಇನ್ನು ಸೇರೋ ನೀರು ಅಕ್ಕನದು. ಯಾರಾದ್ರೂ ಮುಟ್ಟಿದ್ರೆ ನಾನು ಸುಮ್ಕಿರಾಕಿಲ್ಲ," ಎಂದು ಜೊತೆಯವರಿಗೆ ಹೇಳಿ, ಸೈಕಲ್ಲನ್ನು ಅಲ್ಲೇ ಬಿಟ್ಟು, ಹತ್ತಿಬಂದ ಮೂರು ಮೈಲಿಯನ್ನು ಮತ್ತೆ ಇಳಿದುಹೋದ.

ಅವನು ತಿರುಗಿ ಬಂದಾಗ ಹೊತ್ತು ಬಿದಿರ ಮೆಳೆಯ ಮರೆಗೆ ಸರಿಯುತ್ತಿತ್ತು. ಹೆಗಲ ಮೇಲೆ ಒಂದು ಕೊಂಬೆ. ನಿನ್ನೆ ಬೆಳಿಗ್ಗೆ ತಾನು ಕಡಿದದ್ದನ್ನೇ ಹುಡುಕಿ ತಂದಿದ್ದ. ಒಂದು ಮಗ್ಗುಲು ನೆಲಕ್ಕೆ ಉಜ್ಜಿ ಚಪ್ಪಟೆಯಾಗಿತ್ತು. ಹೆಗಲು ತರಚಿ ಅಂಗಿಗೆ ರಕ್ತ ಅಂಟಿತ್ತು. ಅಷ್ಟರಲ್ಲಿ ಊಟೆಯ ಕೆಳಗೆ ಒಂದು ಚೊಂಬು ನೀರು ಸೇರಿತ್ತು. ದುಂಡಮ್ಮ ಅದನ್ನು ಮುಟ್ಟಿರಲಿಲ್ಲ. ಜೊತೆಯವರು ಎಷ್ಟು ಹೇಳಿದರೂ, ಕೊಡುವವಳು ಕೊನೆಗೆ ಕುಡಿಯಬೇಕು, ದಾರಿಯಲ್ಲಿ ಇನ್ನೊಬ್ಬನಿದ್ದಾನೆ ಎಂದು ಕೂತಿದ್ದಳು. ಅವನನ್ನು ಕಂಡು ಚೊಂಬು ಚಾಚಿದಳು. ಚೌಡಪ್ಪ ಕೊಂಬೆಯನ್ನು ರಾಶಿಗೆ ಹಾಕಿ, ಚೊಂಬನ್ನು ತೆಗೆದುಕೊಂಡ. ಆದರೆ ಬಾಯಿಗೆ ಎತ್ತಲಿಲ್ಲ.

"ಕೊಡೋರು ಕೊನೆಗೆ ಕುಡೀಬೇಕು ಅಂತ ತಾನೆ ನಿಮ್ಮತ್ತೆ ಹೇಳಿದ್ದು? ಇವತ್ತು ಕೊಡೋನು ನಾನು. ಕೈಯೊಡ್ಡು."

ದುಂಡಮ್ಮ ಅವನ ಮುಖ ನೋಡಿದಳು. ಆಮೇಲೆ ಬೊಗಸೆಯೊಡ್ಡಿದಳು. ಹನ್ನೆರಡು ವರ್ಷದಲ್ಲಿ ತನ್ನ ಅರವಟ್ಟಿಗೆಯ ನೀರನ್ನು ಅವಳು ಬೇರೆಯವರ ಕೈಯಿಂದ ಕುಡಿದದ್ದು ಅದೇ ಮೊದಲು ಎನ್ನುತ್ತಾರೆ.

ಆ ವಾರದಿಂದ ಊಟೆಯ ಬಳಿ ಕೊಡಲಿಯ ಸದ್ದು ನಿಂತಿತು. ಇಳಿಯುವವರು ರಾಶಿಯಿಂದ ಕೊಂಬೆ ಎತ್ತಿಕೊಂಡರು, ಹತ್ತುವವರು ಅದನ್ನೇ ಹಿಂದಕ್ಕೆ ತಂದರು. ದುಂಡಮ್ಮನೂ ಕೈಲಾಗುವವರೆಗೆ ಹೊತ್ತಳು. ಸೌದೆ ದುಂಡಮ್ಮ ಎಂದು ಈಗಲೂ ಕರೆಯುತ್ತಿದ್ದರು, ಆದರೆ ನಗುತ್ತಿರಲಿಲ್ಲ. ನೀರು ಒಂದೇ ವರ್ಷದಲ್ಲಿ ಮರಳಲಿಲ್ಲ. ಮೋಟುಗಳು ಚಿಗುರಿ ನೆರಳಾಗುವವರೆಗೆ ಅವರು ಬಹಳ ಬೇಸಿಗೆಗಳನ್ನು ಗುಟುಕು ಗುಟುಕಾಗಿ ಕಳೆದರು.

ಈಗ ಆ ದಾರಿ ಟಾರಿನದು, ಸೈಕಲ್ಲುಗಳ ಬ್ರೇಕುಗಳೂ ಗಟ್ಟಿಯಾಗಿವೆ. ಕೊಂಬೆ ಎಳೆಯುವ ಅಗತ್ಯ ಯಾರಿಗೂ ಇಲ್ಲ. ಆಳುದ್ದದ ಕೊಂಬೆ ಮೊಳದುದ್ದದ ತುಂಡಾಗಿದೆ. ಊಟೆಯ ಬಳಿಗೆ ಹೋದವರು ಅಲ್ಲಿನ ದಿಂಡಿಗದ ಮರಗಳ ಬುಡವನ್ನು ನೋಡಬೇಕು. ಒಂದೊಂದು ಬುಡದಿಂದಲೂ ನಾಲ್ಕೈದು ಕಾಂಡಗಳು ಎದ್ದಿವೆ. ಹಳೆಯ ಮೋಟು ನಡುವೆ ಇನ್ನೂ ಕಾಣುತ್ತದೆ. ಬಂಡೆಯ ಗೂಡಿನಲ್ಲಿ, ಒಂದು ಮಗ್ಗುಲು ಚಪ್ಪಟೆಯಾದ ಕೊಂಬೆಯೊಂದಕ್ಕೆ ಅರಿಸಿನ ಹಚ್ಚಿ ಇಟ್ಟಿದ್ದಾರೆ. ಅಲ್ಲಿನ ನೀರು ಕುಡಿಯಲು ಒಂದು ಪದ್ಧತಿಯಿದೆ. ಗುಂಪಿನಲ್ಲಿ ಎಲ್ಲರಿಗಿಂತ ಹಿಂದೆ, ಏದುಸಿರು ಬಿಡುತ್ತ ಹೊರೆ ತಂದವರಿಗೇ ಮೊದಲ ಬೊಗಸೆ; ಎಲ್ಲರಿಗಿಂತ ಮುಂದೆ ಬಂದವನು ಅದನ್ನು ಹುಯ್ಯಬೇಕು, ತಾನು ಕೊನೆಗೆ ಕುಡಿಯಬೇಕು. ಅದಕ್ಕೇ ರಜೆಯ ದಿನ ಅಲ್ಲಿಗೆ ಹೋದರೆ, ಹದಿನಾಲ್ಕು ತಿರುವನ್ನೂ ಗಾಳಿಯಂತೆ ಹತ್ತಿಬಂದ ಗಟ್ಟಿಗನೊಬ್ಬ ಒಣಗಿದ ತುಟಿ ಸವರಿಕೊಳ್ಳುತ್ತ, ತುಂಬಿದ ಚೊಂಬನ್ನು ಹಿಡಿದು, ಕೆಳಗಿನ ತಿರುವಿನ ಕಡೆಗೇ ನೋಡುತ್ತ ನಿಂತಿರುವುದು ಕಾಣುತ್ತದೆ.